ಯಂಕಮ್ಮ ತೊಳೆಯದ ಪಿಂಗಾಣಿ

ಆಟೋದವನು ಗೋಣಿಚೀಲವನ್ನು ಬಾಗಿಲಲ್ಲಿ ಇಳಿಸುವಾಗ ಚೀಲದೊಳಗಿಂದ ಟಣ್ ಎಂದು ಸದ್ದು ಬಂತು. ಅಂಬಪ್ಪ ಎದೆ ಹಿಡಿದುಕೊಂಡ.

"ಸಾವಕಾಶ ಇಡಪಾ. ಕೂಸು ಮಲಗಿಸಿದಂಗ ಇಡು."

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಒಂದು ಗಳಿಗೆ ಬಿಟ್ಟು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ಪಡಸಾಲೆಯಲ್ಲಿ ಮೆಂತ್ಯಸೊಪ್ಪು ಸೋಸುತ್ತಿದ್ದ ಸೊಸೆ ಪಂಪಾವತಿಗೆ ಆ ಸದ್ದಿನ ಅರ್ಥ ಚೆನ್ನಾಗಿ ಗೊತ್ತಿತ್ತು. ಅತ್ತೆಗೆ ಸಿಟ್ಟು ಬಂದರೆ ಅದು ಮೊದಲು ರೊಟ್ಟಿಯ ಮೇಲೆಯೇ ಇಳಿಯುತ್ತಿತ್ತು. ಅವತ್ತಿನ ರೊಟ್ಟಿ ಮಾತ್ರ ಹಾಳೆಯ ಹಾಗೆ ತೆಳ್ಳಗಾಗುತ್ತಿತ್ತು.

"ಮಾವ, ಕಣ್ಣಿನ ಪೊರಿ ತಗಸಿ ಇನ್ನಾ ವಾರ ಆಗಿಲ್ಲ. ಭಾರ ಎತ್ತಬ್ಯಾಡ, ಬಗ್ಗಬ್ಯಾಡ ಅಂತ ಡಾಕ್ಟರು ಹೇಳಿಲ್ಲೇನ್ರಿ? ಮಸ್ಕಿಗೆ ಯಾಕ ಹೋದ್ರಿ?"

"ನಾ ಎಲ್ಲಿ ಎತ್ತೀನವ್ವ? ಆಟೋದಾಂವ ಎತ್ತ್ಯಾನ. ಗುಜರಿ ಅಂಗಡಿಯಾಂವ ಫೋನ್ ಮಾಡಿದ್ದ. ಇವತ್ತು ಬರಲಿಲ್ಲ ಅಂದ್ರ ಹೈದರಾಬಾದಿನವರು ಒಯ್ತಾರ ಅಂದ."

ಹೈದರಾಬಾದಿನವರನ್ನು ಯಾರೂ ನೋಡಿದ್ದಿಲ್ಲ. ಆದರೆ ಗುಜರಿಯವನು ಅವರ ಹೆಸರು ಹೇಳಿದಾಗಲೆಲ್ಲ ಅಂಬಪ್ಪ ಬಸ್ಸು ಹತ್ತುತ್ತಿದ್ದ.

ಅಂಬಪ್ಪ ಹಟ್ಟಿಯ ಚಿನ್ನದ ಗಣಿಯಲ್ಲಿ ಭೂಮಿಯೊಳಗಿನ ಕೆಲಸ ಮಾಡಿ ನಿವೃತ್ತನಾದವನು. ಕಂಪನಿಯ ಮನೆ ಬಿಟ್ಟು ಲಿಂಗಸುಗೂರಿನಲ್ಲಿ ಸ್ವಂತ ಮನೆ ಕಟ್ಟಿದ ಮೇಲೆ, ಜೊತೆಯವರೆಲ್ಲ ಕಟ್ಟೆಗೆ ಕೂತು ಇಸ್ಪೀಟು ಹಿಡಿದರೆ ಇವನು ಹಳೆಯ ಪಿಂಗಾಣಿ ಹಿಡಿದ. ಯಾರದೋ ಮನೆಯ ಹಳೆ ಸಾಮಾನಿನಲ್ಲಿ ನೀಲಿ ಹೂಬಳ್ಳಿಯ ಒಂದು ಹೂಜಿ ಕಂಡಿದ್ದೇ ನೆಪವಾಯಿತು. ಆಮೇಲೆ ಹೂಜಿಗೆ ಜೋಡಿ ಬೇಕೆನಿಸಿತು, ಜೋಡಿಗೆ ತಾಟು, ತಾಟಿಗೆ ಚಹಾದ ಕಪ್ಪು-ಬಶಿ. ಗಾಜಿನ ಕಪಾಟು ತುಂಬಿತು, ಪಡಸಾಲೆಯಲ್ಲಿ ಬುದ್ಧನ ಪಟದ ಕೆಳಗಿನ ಹಲಗೆ ತುಂಬಿತು, ಟಿ.ವಿ. ಮೇಜು ತುಂಬಿತು. ಯಾಕೆ ಇದೆಲ್ಲ ಎಂದು ಯಾರಾದರೂ ಕೇಳಿದರೆ ಅವನದು ಒಂದೇ ಉತ್ತರ: "ಆಯುಷ್ಯ ಎಲ್ಲಾ ಕತ್ತಲಾಗ ಕರೀ ಕಲ್ಲು ನೋಡೀನಿ. ಈ ಬಿಳುಪು ನೋಡಿದ್ರ ಕಣ್ಣಿಗೆ ತಂಪಾಗ್ತೈತಿ."

ಬೆಳ್ಳಗಿನ ಆ ಸಾಮಾನಿನಲ್ಲಿ ಒಂದೇ ಒಂದನ್ನೂ ಯಂಕಮ್ಮ ಮುಟ್ಟುತ್ತಿರಲಿಲ್ಲ. ಕಸ ಗುಡಿಸುವಾಗ ಕಪಾಟಿನ ಮುಂದೆ ಬಂದರೆ ಕಸಬರಿಗೆಯನ್ನು ಸುತ್ತುಹಾಕಿಸಿ ಒಯ್ಯುತ್ತಿದ್ದಳು. ತೊಳೆಯುವುದು, ಒರೆಸುವುದು ಎಲ್ಲ ಅಂಬಪ್ಪನದೇ. ಒಡೆದೀತೆಂಬ ಹೆದರಿಕೆ ಇರಬೇಕು ಎಂದು ಪಂಪಾವತಿ ತಿಳಿದಿದ್ದಳು.

ಊಟಕ್ಕೆ ಕೂತಾಗ ಅಂಬಪ್ಪನಿಗೆ ತಡೆಯಲಾಗಲಿಲ್ಲ. ರೊಟ್ಟಿ, ಪುಂಡಿಪಲ್ಯ ತಾಟಿಗೆ ಬೀಳುವ ಮೊದಲೇ ಗೋಣಿಚೀಲದ ಬಾಯಿ ಬಿಚ್ಚಿ ಒಂದು ತಾಟು ಹೊರತೆಗೆದ. ವರ್ಷಗಟ್ಟಲೆಯ ಧೂಳು, ಜೇಡನ ಬಲೆ. ಅಂಗೈಯಿಂದ ಒರೆಸಿದ ಕಡೆ ಹಸಿರು ಅಂಚು ಹೊಳೆಯಿತು, ಅಂಚಿನೊಳಗೆ ಕೂದಲೆಳೆಯಂಥ ಚಿನ್ನದ ಗೆರೆ.

"ನೋಡ್ರಿ ಇದನ್ನ. ಇಡೀ ಸೆಟ್ಟು ಐತಿ. ದೊಡ್ಡ ತಾಟು, ಸಣ್ಣ ತಾಟು, ಮುಚ್ಚಳದ ಬೋಗುಣಿ."

ಯಂಕಮ್ಮ ಶೇಂಗಾ ಚಟ್ನಿ ಹಾಕಲು ಬಗ್ಗಿದವಳು ಬಗ್ಗಿದಂತೆಯೇ ನಿಂತಳು. ತಾಟನ್ನು ನೋಡಿದಳು. ಆಮೇಲೆ ಚಟ್ನಿಯನ್ನು ಗಂಡನ ತಾಟಿನ ಅಂಚಿಗೆ ತಟ್ಟಿ ಸೀದಾ ಆದಳು.

"ಎಲ್ಲಿಡ್ತೀರಿ ಇವನ್ನ?"

"ನಿನ್ನ ಜ್ವಾಳದ ಚೀಲ ಅದಾವಲ್ಲ, ಅವನ್ನ ಹಿತ್ತಲ ಕಡಿ ಸರಿಸಿದ್ರ ಆ ಮೂಲ್ಯಾಗ ಒಂದು ಹಲಗಿ ಹೊಡಸ್ತೀನಿ."

"ಹಿತ್ತಲಾಗ ಇಲಿ ಅದಾವ."

"ಡ್ರಮ್ಮು ತಂದ್ರಾತು. ಅದಿರ್ಲಿ, ಇವನ್ನಷ್ಟು ತೊಳದುಕೊಡು. ನನಗ ಬಗ್ಗಬ್ಯಾಡ ಅಂದಾರ. ಪಂಪಾಗ ಆಫೀಸು. ನಿನಗ ರೂಢಿ ಐತಿ, ನೀ ತೊಳದ್ರ ಒಂದೂ ಒಡಿಯಂಗಿಲ್ಲ."

ಅವನು ಸಹಜವಾಗಿಯೇ ಅಂದ. ಹೊಗಳುವ ಧಾಟಿಯಲ್ಲೇ ಅಂದ. ಯಂಕಮ್ಮ ಚಟ್ನಿಯ ಡಬ್ಬಿಯ ಮುಚ್ಚಳ ಹಾಕಿ ನೆಲಕ್ಕಿಟ್ಟಳು.

"ರೂಢಿ ಐತಿ ಅಂತ," ಎಂದಳು, ಯಾರಿಗೂ ಅಲ್ಲ ಎನ್ನುವಂತೆ. ಅವಳು ಅವತ್ತು ಉಣ್ಣಲಿಲ್ಲ. ಮರುದಿನ ಬೆಳಿಗ್ಗೆ ಎರಡು ಸೀರೆ ಕೈಚೀಲಕ್ಕೆ ತುಂಬಿಕೊಂಡು, ಸಿಂಧನೂರಿನಲ್ಲಿರುವ ಮಗಳು ಗಂಗಾದೇವಿಯ ಮನೆಗೆ ಬಸ್ಸು ಹತ್ತಿದಳು.

"ಯಾವಾಗ ಬರ್ತೀರಿ ಅತ್ತಿ?" ಎಂದು ಪಂಪಾವತಿ ಬಸ್ ನಿಲ್ದಾಣದಲ್ಲಿ ಕೇಳಿದಾಗ, "ಮನ್ಯಾಗ ನನಗ ಕಾಲಿಡಾಕ ಜಾಗ ಆದಾಗ ಬರ್ತೀನವ್ವ" ಎಂದಳು.

ಮೊದಲ ವಾರ ಎಲ್ಲರೂ ಇದು ನಾಕು ದಿನದ ಮಾತು ಅಂದುಕೊಂಡರು. ಪಂಪಾವತಿ ಅಂಚೆ ಕಚೇರಿಯಲ್ಲಿ ಗುಮಾಸ್ತೆ. ಬೆಳಿಗ್ಗೆ ಒಲೆ ಹಚ್ಚಿ ರೊಟ್ಟಿ ಬಡಿದು, ಪಲ್ಯ ಮಾಡಿ, ನೀರು ತುಂಬಿ, ಕೌಂಟರಿನಲ್ಲಿ ಕೂರುವಷ್ಟರಲ್ಲಿ ಅವಳ ಅಂಗೈ ಇನ್ನೂ ಬಿಸಿ ಇರುತ್ತಿತ್ತು. ಗಂಡ ಭೀಮೇಶ ಗಣಿಯಲ್ಲಿ ಎಲೆಕ್ಟ್ರಿಷಿಯನ್. ಪಾಳಿಯ ಪ್ರಕಾರ ಒಮ್ಮೆ ನಸುಕಿಗೆ ಹೋಗುತ್ತಿದ್ದ, ಒಮ್ಮೆ ಮಧ್ಯಾಹ್ನ. ಒಬ್ಬಳೇ ಮಗಳು ರಾಯಚೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಳು.

"ರೊಟ್ಟಿ ಇಷ್ಟು ದಪ್ಪ ಯಾಕ?" ಎಂದ ಭೀಮೇಶ ಒಂದು ದಿನ.

"ನಿಮ್ಮವ್ವನ ಕರಕೊಂಡು ಬರ್ರಿ, ತೆಳ್ಳಗಾಗ್ತಾವ."

"ನಾ ಫೋನ್ ಮಾಡೀನಿ. 'ನಿಮ್ಮಪ್ಪನ ಕೇಳು' ಅಂತಾಳ. ಅಪ್ಪನ ಕೇಳಿದ್ರ 'ನಿಮ್ಮವ್ವನ ಕೇಳು' ಅಂತಾನ. ನಾ ಕರೆಂಟಿನ ಕೆಲಸ ಮಾಡಾಂವ, ಇವರಿಬ್ಬರ ನಡಕ ಎಲ್ಲಿ ತಂತಿ ಹರದೈತಿ ಅಂತ ನನಗೂ ತಿಳಿವಲ್ದು."

ಅಂಬಪ್ಪ ತಲೆ ತಗ್ಗಿಸಿ ದಪ್ಪ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿಕೊಂಡು ಉಂಡ. ಹಲಗೆ ಹೊಡೆಯಲು ಬಂದ ಬಡಿಗನನ್ನು ಬಾಗಿಲಿಂದಲೇ ವಾಪಸು ಕಳಿಸಿದ. ಗೋಣಿಚೀಲ ಜೋಳದ ಚೀಲದ ಪಕ್ಕದಲ್ಲೇ ಕೂತಿತ್ತು.

ಭಾನುವಾರ ಪಂಪಾವತಿಗೆ ಆ ಚೀಲ ನೋಡಿ ನೋಡಿ ಸಾಕಾಯಿತು. ದೊಡ್ಡ ಟಬ್ಬಿನಲ್ಲಿ ನೀರು ತುಂಬಿಕೊಂಡು ಹಿತ್ತಲಲ್ಲಿ ಕೂತಳು. ಅಂಬಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಮಣೆಯ ಮೇಲೆ ಕೂತು ಸಲಹೆ ಕೊಡತೊಡಗಿದ.

"ಬಿಸಿನೀರು ಬ್ಯಾಡ. ಬೂದಿ ಹಚ್ಚಬ್ಯಾಡ, ಚಿನ್ನದ ಗೆರಿ ಹೋಗ್ತೈತಿ. ಅರಿವಿಯಿಂದ ಹಗುರಕ."

"ಮಾವ, ಇವು ಬರೇ ತಾಟು."

"ಬೋರಲು ಹಾಕಿ ನೋಡು."

ಅವಳು ತಾಟನ್ನು ಬೋರಲು ಹಾಕಿದಳು. ತಳದಲ್ಲಿ ಸಣ್ಣದೊಂದು ಹಡಗು, ಅದರ ಸುತ್ತ ಹಗ್ಗದ ಹಾಗೆ ಬಳ್ಳಿ, ಕೆಳಗೆ ಅರ್ಧ ಅಳಿಸಿದ ಇಂಗ್ಲಿಷ್ ಅಕ್ಷರ. ಇನ್ನೊಂದರ ತಳದಲ್ಲೂ ಅದೇ ಹಡಗು, ಆದರೆ ಸ್ವಲ್ಪ ವಾರೆಯಾಗಿ ಒತ್ತಿದ್ದು. ಒತ್ತಿದವನ ಕೈ ಆ ಹೊತ್ತಿಗೆ ಜಾರಿರಬೇಕು. ಎಲ್ಲೋ ಸಮುದ್ರದಾಚೆ ಒಬ್ಬನ ಕೈ ಜಾರಿದ್ದು ಲಿಂಗಸುಗೂರಿನ ಹಿತ್ತಲಲ್ಲಿ ಕಾಣುತ್ತಿದೆಯಲ್ಲ ಎಂದು ಪಂಪಾವತಿಗೆ ವಿಚಿತ್ರ ಅನಿಸಿತು.

"ಈಗ ಬೆಳಕಿಗೆ ಹಿಡಿ. ಹಿಂದ ಬೆರಳಿಡು."

ಬಿಸಿಲಿಗೆ ಹಿಡಿದ ತಾಟಿನ ಆಚೆಯಿಂದ ಅವಳದೇ ಬೆರಳಿನ ನೆರಳು ಕಂಡಿತು. ಗಟ್ಟಿಯಾದ ವಸ್ತುವಿನೊಳಗೆ ಹೀಗೆ ಬೆಳಕು ಹಾಯುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಒಂದೊಂದೇ ತೊಳೆದು, ಬೋರಲು ಹಾಕಿ, ಬೆಳಕಿಗೆ ಹಿಡಿದು ನೋಡುವುದರಲ್ಲಿ ಅನ್ನಕ್ಕಿಡುವುದು ಮರೆತಳು. ಮುಚ್ಚಳದ ಬೋಗುಣಿ ಕೈಗೆ ಬಂದಾಗ ಅದರ ಮುಚ್ಚಳದ ಅಂಚಿನಲ್ಲಿ ಒಂದು ಕಚ್ಚು ಇತ್ತು.

"ಇದು ಒಡದದ್ದೇನ್ರಿ ಮಾವ?"

"ಒಡದದ್ದಲ್ಲ, ಮಾಡಿದ್ದೇ ಹಂಗ. ಯಾಕಂತ ನನಗ ಗೊತ್ತಿಲ್ಲ."

"ಅತ್ತಿಗೆ ಗೊತ್ತಿರಬೌದೇನು? ಅವತ್ತು ನೀವು ರೂಢಿ ಐತಿ ಅಂದ್ರಿ."

ಅಂಬಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. "ಅದು ಮದುವಿಗಿಂತ ಮುಂಚಿನ ಮಾತು. ಒಂದು ಮನ್ಯಾಗ ಭಾಂಡಿ ತೊಳೀತಿದ್ಲು. ಸಣ್ಣಾಕಿ ಇದ್ಲು ಆಗ."

"ಯಾರ ಮನ್ಯಾಗ?"

"ಹಳೇ ಮಾತು ಬಿಡವ್ವ," ಎಂದ. ಆಮೇಲೆ ಅವನೇ ಮಾತು ತಿರುಗಿಸಿದ. "ಮುದಗಲ್ಲಿನಾಗ ಒಂದು ಹೂಜಿ ಐತಂತ. ಹುಸೇನ್‌ಬೀ ಅಂತ ಮುದುಕಿ ತಾವ. ಒಬ್ಬನ ಹೋಗಾಕ ನನಗ ಕಣ್ಣು ಸರಿ ಕಾಣವಲ್ದು. ಬರ್ತೀಯೇನು?"

ಒಂದು ತಿಂಗಳ ಹಿಂದಾಗಿದ್ದರೆ ಪಂಪಾವತಿ ಹೋಗುತ್ತಿರಲಿಲ್ಲ. ಈಗ ಅವಳಿಗೂ ಆ ಹೂಜಿಯ ತಳದಲ್ಲಿ ಏನಿದೆಯೋ ಎಂಬ ಕುತೂಹಲ ಹತ್ತಿತ್ತು.

ಮುಂದಿನ ರಜೆಗೆ ಇಬ್ಬರೂ ಮುದಗಲ್ಲಿಗೆ ಹೋದರು. ಕೋಟೆಯ ಹಿಂದಿನ ಓಣಿಯಲ್ಲಿ ಹುಸೇನ್‌ಬೀಯ ಮನೆ. ಬಾಗಿಲು ತೆಗೆದವಳು ಮೊಮ್ಮಗಳು ಆರ್ಜೂ. ಒಳಗೆ ಅಜ್ಜಿ ಕೋಳಿಗಳಿಗೆ ನುಚ್ಚು ಹಾಕುತ್ತಿದ್ದಳು. ಹೂಜಿ ಎಲ್ಲಿದೆ ಎಂದು ಅಂಬಪ್ಪ ಕೇಳಿದರೆ ಅಜ್ಜಿ ಒಲೆಯ ಕಡೆ ಕೈ ತೋರಿಸಿದಳು. ಗೇಣುದ್ದ ಕುತ್ತಿಗೆಯ, ಗುಲಾಬಿ ಹೂವಿನ ಹೂಜಿ. ಅದರ ತುಂಬ ಹಾಲು. ಬಾಯಿಗೆ ಸ್ಟೀಲಿನ ಬಟ್ಟಲು ಮುಚ್ಚಿತ್ತು.

"ಇದರಾಗ ಹಾಲು ಹಾಕ್ಯಾರ," ಎಂದು ಅಂಬಪ್ಪ ಸೊಸೆಯ ಕಿವಿಯಲ್ಲಿ ಹೇಳಿದ, ಕೊಲೆ ನೋಡಿದವನ ಹಾಗೆ.

"ಹಾಲು ಕೆಡಂಗಿಲ್ಲ ಅದರಾಗ," ಎಂದಳು ಹುಸೇನ್‌ಬೀ, ಕಿವಿ ಚುರುಕಾಗಿಯೇ ಇತ್ತು. "ಮಾರಂಗಿಲ್ಲ ಬಾಬಾ. ಮಾರಿದ್ರ ನಾಳಿ ಹಾಲು ಎದರಾಗ ಹಾಕ್ಲಿ? ಚಾ ಕುಡೀರಿ, ನೋಡ್ರಿ, ಹೋಗ್ರಿ. ಎಲ್ಲಿಯವರು ನೀವು?"

"ಲಿಂಗಸುಗೂರು. ಮೊದಲ ಹಟ್ಟಿಯಾಗ ಇದ್ವಿ."

"ನಮ್ಮ ಮನಿಯವರೂ ಹಟ್ಟಿ ಕಡೀನ ಇದ್ದದ್ದು. ಗುತ್ತಿಗೆದಾರರ ಬಂಗ್ಲೇದಾಗ ಮೋಟಾರು ನಡಸ್ತಿದ್ರು. ಅವರು ಬಂಗ್ಲೆ ಬಿಟ್ಟು ಹೋದಾಗ ಸಾಮಾನೆಲ್ಲಾ ಮಸ್ಕಿ ಗುಜರಿಗೆ ಹಾಕಿದ್ರು. ಇದೊಂದು ನಮಗ ಕೊಟ್ರು."

ಪಂಪಾವತಿ ಚಹಾದ ಲೋಟ ಕೆಳಗಿಟ್ಟಳು. "ಅಲ್ಲಿ ಹಸರಂಚಿನ ತಾಟು ಇದ್ದುವೇನ್ರಿ? ಚಿನ್ನದ ಗೆರಿ ಇದ್ದದ್ದು?"

"ಇದ್ದುವಲ್ಲ. ಇಂಗ್ರೇಜಿ ಸಾಹೇಬರು ದೇಶ ಬಿಟ್ಟು ಹೋಗುವಾಗ ಗುತ್ತಿಗೆದಾರರಪ್ಪ ಹರಾಜಿನಾಗ ತಗೊಂಡಿದ್ನಂತ. ಹಬ್ಬಕ್ಕ, ಅಫೀಸರು ಬಂದಾಗ ತೆಗೀತಿದ್ರು. ತೊಳಿಯಾಕಿ ಒಂದು ಸಣ್ಣ ಹುಡುಗಿ ಇತ್ತು. ಯಂಕಿ ಅಂತ. ಹಿತ್ತಲಾಗ ಬಂಡಿಗಲ್ಲಿನ ಮ್ಯಾಲ ಕುಂತು ತೊಳೀತಿತ್ತು. ಛಲೋ ಹಾಡತಿತ್ತು ಅದು."

ಅಂಬಪ್ಪ ಹೂಜಿಯನ್ನು ನೋಡುವುದು ಬಿಟ್ಟು ಕೋಳಿಗಳನ್ನು ನೋಡತೊಡಗಿದ. ಪಂಪಾವತಿ ಅವನ ಮುಖ ನೋಡಿದಳು. ಅವಳೇ ಹೇಳಿದಳು: "ಅವರು ನಮ್ಮ ಅತ್ತಿರಿ. ಇವರು ನಮ್ಮ ಮಾವ."

ಹುಸೇನ್‌ಬೀ ಕೈಯಲ್ಲಿದ್ದ ನುಚ್ಚನ್ನೆಲ್ಲ ಒಮ್ಮೆಗೇ ಚೆಲ್ಲಿ, ಸೆರಗಿಗೆ ಕೈ ಒರೆಸಿಕೊಂಡು ಹತ್ತಿರ ಬಂದಳು. "ಜೀವಂತ ಐತೇನು ಯಂಕಿ? ಆರಾಮದಾಳ? ಎಷ್ಟು ಮಕ್ಕಳು?" ಎಂದು ಒಂದರ ಮೇಲೊಂದು ಕೇಳಿದಳು. ಹೊರಡುವಾಗ ಕಾಗದದಲ್ಲಿ ಮೊಟ್ಟೆ ಸುತ್ತಿಕೊಟ್ಟಳು. ಹೂಜಿ ಮಾತ್ರ ಕೊಡಲಿಲ್ಲ.

ಬಸ್ಸಿನಲ್ಲಿ ಅಂಬಪ್ಪ ಮೊಟ್ಟೆಯ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಕೂತ. ಲಿಂಗಸುಗೂರು ಹತ್ತಿರ ಬಂದಾಗ ಅಂದ: "ತೊಳೀತಿದ್ಲು ಅಂತ ಗೊತ್ತಿತ್ತು ನನಗ. ಯಾರ್ಯಾರೋ ತೊಳೀತಿದ್ರು ಆಗ. ನಮ್ಮವ್ವನೂ ತೊಳದಾಳ. ಅವು ಇವೇ ತಾಟು ಅಂತ ನನಗ ಹೆಂಗ ಗೊತ್ತಾಗಬೇಕು?"

"ಅತ್ತಿಗೆ ಗೊತ್ತಾಗೈತಿ," ಎಂದಳು ಪಂಪಾವತಿ.

ಶನಿವಾರ ಕಚೇರಿ ಮುಗಿಸಿ ಅವಳು ಸೀದಾ ಸಿಂಧನೂರಿಗೆ ಹೋದಳು. ಕಾಲುವೆ ನೀರು ಬಿಟ್ಟಿದ್ದರು. ದಾರಿಯುದ್ದಕ್ಕೂ ನಾಟಿಯಾದ ಗದ್ದೆ. ಗಂಗಾದೇವಿಯ ಮನೆ ಅಕ್ಕಿ ಗಿರಣಿಯ ಹಿಂದಿನ ಬಡಾವಣೆಯಲ್ಲಿತ್ತು. ಯಂಕಮ್ಮ ಮಾಳಿಗೆಯ ಮೇಲೆ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದಳು. ಸೊಸೆ ಬಂದು ಎದುರಿಗೆ ಕೂತು ತಾನೂ ತೊಟ್ಟು ಮುರಿಯತೊಡಗಿದಳು. ಮುದಗಲ್ಲಿನ ಸುದ್ದಿ ಹೇಳಿದಳು. ಹುಸೇನ್‌ಬೀ ಕೇಳಿದ್ದನ್ನೆಲ್ಲ ಹೇಳಿದಳು.

"ಬದುಕ್ಯಾಳೇನು ಹುಸೇನಿ," ಎಂದು ಯಂಕಮ್ಮ ನಕ್ಕಳು. "ಅಕೀಗೆ ಆಗ ಹೊಸದಾಗಿ ಮದುವಿ ಆಗಿತ್ತು. ನನಗ ಒಂದೊಂದು ಸಲ ಬೆಲ್ಲ ಕೊಡ್ತಿದ್ಲು."

"ಅತ್ತಿ, ನಮಗ ಯಾಕ ಒಮ್ಮೇನೂ ಹೇಳಲಿಲ್ಲ?"

"ಯಾರು ಕೇಳಿದ್ರು?"

ಘಾಟಿಗೆ ಇಬ್ಬರೂ ಸೀನಿದರು. ಆಮೇಲೆ ಯಂಕಮ್ಮ ತಾನಾಗಿಯೇ ಶುರುಮಾಡಿದಳು, ಕೈ ಕೆಲಸ ನಿಲ್ಲಿಸದೆ.

"ನನಗ ಬುದ್ಧಿ ಬಂದಾಗಿಂದ ಮದುವಿ ಆಗೂತನ ಅಲ್ಲೇ ತೊಳದೀನಿ. ಹಿತ್ತಲ ಬಾಗಲದಿಂದ ಬಂದು ಹಿತ್ತಲ ಬಾಗಲದಿಂದ ಹೋಗಬೇಕು. ಉಂಡ ತಾಟು ಹೊರಗ ತಂದು ಇಡೋರು. ನಾ ತೊಳದು ಕಟ್ಟಿ ಮ್ಯಾಲ ಬೋರಲು ಹಾಕ್ತಿದ್ದೆ. ಒಳಗಿನಾಕಿ ಬಂದು ಅವುಗಳ ಮ್ಯಾಲ ಮತ್ತ ಒಂದು ತಂಬಿಗಿ ನೀರು ಹಾಕಿ ಒಳಗ ಒಯ್ತಿದ್ಲು. ನಾ ಮುಟ್ಟಿದ್ದಕ್ಕ. ಅಷ್ಟು ಬೆಳ್ಳಗ ತೊಳದಿರ್ತಿದ್ದೆ ಪಂಪಾ, ಮುಖ ಕಾಣ್ತಿತ್ತು."

ಪಂಪಾವತಿಯ ಬೆರಳು ನಿಂತವು.

"ಆ ಹಸರಂಚು ನೋಡಿದ ಕೂಡ್ಲೆ ಗೊತ್ತಾತು ನನಗ. ನಿಮ್ಮ ಮಾವ ರೂಢಿ ಐತಿ ಅಂದ್ರು. ಅವರ ಮ್ಯಾಲ ಸಿಟ್ಟಿಲ್ಲ. ಅವರಿಗೆ ಬಾಯಿಗೂ ತಲಿಗೂ ದೂರ ಭಾಳ. ಆದ್ರ ನನ್ನ ಮನ್ಯಾಗ ಕುಂತು ನಾ ಅವನ್ನ ಮತ್ತ ತೊಳ್ಯಂಗಿಲ್ಲ."

"ತೊಳಿಯೂದು ಬ್ಯಾಡ್ರಿ. ನಾ ತೊಳದೀನಿ."

"ತೊಳದೀಯೇನು?" ಯಂಕಮ್ಮ ತಲೆಯೆತ್ತಿದಳು. ಅವಳ ಮುಖದಲ್ಲಿ ಸಿಟ್ಟಿನ ಬದಲು ಬೇರೇನೋ ಬಂತು. "ಮುಚ್ಚಳದ್ದೂ ಇತ್ತೇನು? ಮುಚ್ಚಳದಾಗ ಕಚ್ಚು ಇದ್ದದ್ದು?"

"ಐತ್ರಿ. ಯಾಕ ಹಂಗ ಮಾಡ್ಯಾರ ಅಂತ ಮಾವಗೂ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ. ಎಷ್ಟು ಸಲ ವಿಚಾರ ಮಾಡೀನಿ ಅದನ್ನ." ಅವಳು ಮೆಣಸಿನಕಾಯಿ ಬಿಟ್ಟು ಕಾಲು ಚಾಚಿ ಕೂತಳು. "ನಾ ನೋಡಿದ್ದೆಲ್ಲಾ ಉಂಡು ಬಿಟ್ಟದ್ದು. ದೊಡ್ಡ ತಾಟಿನಾಗ ಎಲುಬು ಬರ್ತಿದ್ದುವು, ಸಣ್ಣ ತಾಟಿನಾಗ ಹಣ್ಣಿನ ಸಿಪ್ಪಿ. ಉದ್ದ ಕುತ್ತಿಗಿ ಹೂಜಿ ತಳದಾಗ ಕೆಂಪಗಿನ ಕಲಿ. ಆ ಮುಚ್ಚಳದ್ದರಾಗ ಹಳದಿ ಬಣ್ಣದ ಗಟ್ಟಿ ಸಾರು. ಒಂದು ಸಲ ಬೆರಳಿಗೆ ಹಚ್ಚಿ ನೆಕ್ಕಿದ್ದೆ. ಸಿಹಿ ಇತ್ತು, ಹುಳಿನೂ ಇತ್ತು. ಏನಂತ ಇವತ್ತಿಗೂ ಗೊತ್ತಿಲ್ಲ. ತುಂಬಿದ ತಾಟು ಒಂದು ದಿನಾನೂ ನೋಡಲಿಲ್ಲ ನಾ. ಆ ಖೋಲಿ ಒಳಗ ಹೆಂಗಿತ್ತು, ಎಲ್ಲಿ ಕುಂದರ್ತಿದ್ರು, ಹೆಂಗ ಉಣ್ತಿದ್ರು, ಒಂದೂ ಗೊತ್ತಿಲ್ಲ. ಭಾಳ ದೊಡ್ಡ ಖೋಲಿ ಇರಬೇಕು ಅಂತ ತಿಳಕೊಂಡಿದ್ದೆ. ದರಬಾರು ಇದ್ದಂಗ."

"ಆ ಬಂಗ್ಲೆ ಎಲ್ಲಿತ್ರಿ ಅತ್ತಿ?"

"ಹಟ್ಟಿ ದಾರಿ ಮ್ಯಾಲ. ಮುಂದ ಎರಡು ಕಲ್ಲಿನ ಕಂಬ, ಬಾಜೂಕ ಹುಣಸಿ ಮರ."

ಪಂಪಾವತಿಗೆ ಎರಡು ಕಲ್ಲಿನ ಕಂಬ ಕಣ್ಣಿಗೆ ಕಟ್ಟಿತು. ಅವುಗಳ ನಡುವೆ ಈಗ ಒಂದು ಬೋರ್ಡು ತೂಗುತ್ತಿತ್ತು. ಪಾಳಿ ಮುಗಿಸಿ ಬರುವಾಗ ಭೀಮೇಶ ಎಷ್ಟೋ ಸಲ ಅಲ್ಲಿ ಉಂಡು ಬಂದಿದ್ದ. ಬಂಗ್ಲೆ ಖಾನಾವಳಿ.

ಅತ್ತೆ ಅವತ್ತೇ ಹೊರಡಲಿಲ್ಲ. "ನೋಡೂಣು" ಎಂದಳು. ಆದರೆ ಬಸ್ಸಿನ ತನಕ ಬಂದು, ಹುಸೇನ್‌ಬೀಗೆ ಎಷ್ಟು ಹಲ್ಲು ಉಳಿದಿವೆ ಎಂದು ಕೇಳಿ ನಕ್ಕಳು.

ಮನೆಯಲ್ಲಿ ಈ ಮಾತು ಭೀಮೇಶನಿಗೆ ಹೇಳಿದಾಗ ಅವನು ಉಣ್ಣುತ್ತಲೇ ಕೇಳಿದ. ಅವ್ವನನ್ನು ಅಲ್ಲಿ ಊಟಕ್ಕೆ ಕರೆದೊಯ್ಯೋಣ ಎಂದಾಗ ಮಾತ್ರ ತಾಟು ಸರಿಸಿದ.

"ಬ್ಯಾಡ."

"ಯಾಕ?"

"ಅಲ್ಲಿ ನನ್ನ ಜೋಡಿ ಕೆಲಸ ಮಾಡೋರು ಎಲ್ಲಾರೂ ಬರ್ತಾರ. ಮಾಲಕ ವೆಂಕೋಬ ನನ್ನ ಹೆಸರು ಹಿಡದು ಮಾತಾಡಸ್ತಾನ. ಅವ್ವ ಅಲ್ಲಿ ನಿಂತು 'ನಾ ಇಲ್ಲಿ ಮುಸುರಿ ತಿಕ್ಕೀನಿ' ಅಂದ್ರ ನಾ ಎಲ್ಲಿ ಮುಖ ಇಟಗೋಬೇಕು? ನಾವು ಅದನ್ನೆಲ್ಲಾ ದಾಟಿ ಬಂದೀವಿ ಪಂಪಾ."

"ನೀವು ದಾಟಿ ಬಂದೀರಿ. ಅವರು ಇನ್ನಾ ಹಿತ್ತಲಾಗ ನಿಂತಾರ."

"ಛಲೋ ಮಾತಾಡಾಕ ಕಲ್ತೀದಿ."

"ಮಾತಲ್ಲರೀ. ಅವರಿಗೆ ಆ ಖೋಲಿ ನೋಡಬೇಕು. ಅಷ್ಟ. ಯಾರಿಗೆ ಏನು ಹೇಳೂದು ಬಿಡೂದು ನಿಮಗ ಬಿಟ್ಟದ್ದು."

ಅಂಬಪ್ಪ ಪಡಸಾಲೆಯಿಂದ ಮಾತು ಹಾಕಿದ. "ನೀ ಬರಲಿಲ್ಲ ಅಂದ್ರೂ ನಾ ಕರಕೊಂಡು ಹೋಗ್ತೀನಿ."

"ನೀ ಸುಮ್ಮನಿರಪ್ಪ. ನೀ ಆ ಸಾಮಾನು ತರಲಿಲ್ಲ ಅಂದ್ರ ಇದೆಲ್ಲಾ ಏಳ್ತಿರಲಿಲ್ಲ."

"ಹೌದು," ಎಂದ ಅಂಬಪ್ಪ. "ಏಳ್ತಿರಲಿಲ್ಲ."

ಭೀಮೇಶ ಕೈ ತೊಳೆದು ಎದ್ದುಹೋದ. ಆದರೆ ಅವನನ್ನು ಕಾಡುತ್ತಿದ್ದುದು ಬೇರೆ ಎಂದು ಪಂಪಾವತಿಗೆ ಎರಡು ದಿನ ಬಿಟ್ಟು ತಿಳಿಯಿತು. ಬೂಟು ಕಟ್ಟಿಕೊಳ್ಳುತ್ತ ಅವನು ತಲೆ ಎತ್ತದೆ ಹೇಳಿದ: "ಎಷ್ಟು ಸಲ ಉಂಡೀನಿ ಅಲ್ಲಿ. ಅಲ್ಲಿಯ ರೊಟ್ಟಿ ಅವ್ವನ ರೊಟ್ಟಿಗಿಂತ ಛಲೋ ಇರ್ತಾವ ಅಂತ ಅಕಿ ಮುಂದನ ಚಾಷ್ಟಿ ಮಾಡೀನಿ. ಅಕಿ ನಕ್ಕೋಂತ ಸುಮ್ಮನ ಕುಂತಿದ್ಲು." ಬೂಟಿನ ದಾರ ಗಂಟಾಯಿತು. ಬಿಚ್ಚಿ ಮತ್ತೆ ಕಟ್ಟಿದ. "ಐತವಾರ ನನಗ ರಜಾ ಐತಿ. ಗಂಗಾಗ ಫೋನ್ ಮಾಡು."

ಆ ಶನಿವಾರ ಅಂಬಪ್ಪ ಗೋಣಿಚೀಲವಿದ್ದ ಮೂಲೆ ಖಾಲಿ ಮಾಡಿದ. ಟಿ.ವಿ. ಮೇಜಿನ, ಹಲಗೆಯ ಮೇಲಿದ್ದದ್ದನ್ನೂ ತೆಗೆದು, ಎಲ್ಲವನ್ನೂ ಹಳೆಯ ಪತ್ರಿಕೆಗಳಲ್ಲಿ ಸುತ್ತಿ ತನ್ನ ಮಂಚದ ಕೆಳಗಿನ ಟ್ರಂಕಿಗೆ ಸೇರಿಸಿದ. ಕಪಾಟಿನಷ್ಟು ಮಾತ್ರ ಉಳಿಸಿಕೊಂಡ. ಬಗ್ಗಬೇಡಿ ಎಂದು ಪಂಪಾವತಿ ಹೇಳಿದರೆ, ಬಗ್ಗದೆ ನೆಲದ ಮೇಲೆ ಕೂತೇ ಕೆಲಸ ಮಾಡಿದ.

ಭಾನುವಾರ ಯಂಕಮ್ಮ ಸಿಂಧನೂರಿನಿಂದ ಬಂದಿಳಿದಾಗ ಮೂವರೂ ಬಸ್ ನಿಲ್ದಾಣದಲ್ಲೇ ಇದ್ದರು. ಅವಳು ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಗಂಡನನ್ನು ನೋಡಿ, "ಕಣ್ಣು ಹೆಂಗೈತಿ?" ಎಂದಳು. "ಈಗ ಕಾಣಾಕತೈತಿ" ಎಂದ ಅವನು. ಅಷ್ಟಕ್ಕೇ ಅವರ ಮಾತು ಮುಗಿಯಿತು. ಆಟೋ ಹಟ್ಟಿ ದಾರಿ ಹಿಡಿಯಿತು.

ಖಾನಾವಳಿಯ ಮುಂದೆ ಬೈಕುಗಳು ನಿಂತಿದ್ದವು. ಹುಣಸೆಮರ ಇರಲಿಲ್ಲ, ಬುಡವಷ್ಟೇ ಉಳಿದಿತ್ತು. ಆಟೋ ಇಳಿದ ಯಂಕಮ್ಮ ಕಂಬಗಳನ್ನು ನೋಡಿದಳು, ಸೆರಗು ಸರಿಮಾಡಿಕೊಂಡಳು, ಆಮೇಲೆ ಗೋಡೆಯ ಬದಿ ಹಿಡಿದು ಹಿತ್ತಲಿಗೆ ಹೋಗುವ ಪಕ್ಕದ ಓಣಿಗೆ ತಿರುಗಿ ನಡೆಯತೊಡಗಿದಳು. ಅವಳಿಗೆ ಅದು ಗೊತ್ತೇ ಆಗಲಿಲ್ಲ. ಭೀಮೇಶ ದಾಪುಗಾಲಲ್ಲಿ ಹೋಗಿ ತೋಳು ಹಿಡಿದ.

"ಯವ್ವ. ಬಾಗಲ ಈ ಕಡಿ."

ಅವಳು ನಿಂತಳು. ಮಗನ ಮುಖ ನೋಡಿದಳು. ಅವನು ತೋಳು ಬಿಡಲಿಲ್ಲ. ಇಬ್ಬರೂ ಮೆಟ್ಟಿಲು ಹತ್ತಿದರು.

ಒಳಗೆ ಕಬ್ಬಿಣದ ಮೇಜು, ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ತಿರುಗುವ ಫ್ಯಾನು. ಯಂಕಮ್ಮ ಹೊಸ್ತಿಲು ದಾಟಿ ನಡುವೆ ನಿಂತು ಸುತ್ತ ನೋಡಿದಳು. ಮೇಲಿನ ತೊಲೆ ನೋಡಿದಳು. ಒಂದು ಗೋಡೆಯಿಂದ ಇನ್ನೊಂದು ಗೋಡೆಯ ತನಕ ಕಣ್ಣಲ್ಲೇ ಅಳೆದಳು.

"ಇಷ್ಟ ಏನು?" ಎಂದಳು.

"ಇದ ಅತ್ತಿ, ಊಟದ ಖೋಲಿ."

"ಇಷ್ಟ ಸಣ್ಣದು. ನಮ್ಮ ಪಡಸಾಲಿ ಇದಕ್ಕಿಂತ ದೊಡ್ಡದೈತಲ್ಲ." ಅವಳಿಗೆ ನಗು ಬಂತು. ಸೆರಗು ಬಾಯಿಗೆ ಹಿಡಿದು ನಕ್ಕಳು. ಆಮೇಲೆ ಗೋಡೆಯುದ್ದಕ್ಕೂ ನಡೆದಳು, ಗೋಡೆಗೂಡು ಮುಟ್ಟಿದಳು, ಒಳಬಾಗಿಲಿನಿಂದ ಅಡಿಗೆಮನೆಗೆ ಎಷ್ಟು ದೂರ ಎಂದು ಇಣುಕಿದಳು. ಗಲ್ಲಾದಲ್ಲಿ ಕೂತಿದ್ದ ವೆಂಕೋಬ ಕುತ್ತಿಗೆ ಉದ್ದ ಮಾಡಿದ.

"ಅಜ್ಜಿ ಏನು ಹುಡುಕಾಕತ್ತಾರ ಭೀಮೇಶ?"

ಪಕ್ಕದ ಮೇಜಿನಲ್ಲಿ ಗಣಿಯ ಸಮವಸ್ತ್ರದ ಮೂವರು ಉಣ್ಣುತ್ತಿದ್ದರು. ಅವರೂ ತಿರುಗಿದರು. ಭೀಮೇಶ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದ.

"ನಮ್ಮವ್ವ ಸಣ್ಣಾಕಿದ್ದಾಗ ಈ ಮನ್ಯಾಗ ಭಾಂಡಿ ತೊಳೀತಿದ್ಲು," ಎಂದ. "ಒಳಗ ಬಿಟ್ಟಿದ್ದಿಲ್ಲ ಆಗ. ನೋಡಾಕ ಬಂದಾಳ."

"ಹಂಗೇನು," ಎಂದ ವೆಂಕೋಬ. ಗಲ್ಲಾದಿಂದ ಎದ್ದು ಬಂದು ತಾನೇ ಮೇಜು ಒರೆಸಿದ. "ಕಿಟಕಿ ಬಾಜು ಕುಂದರ್ರಿ ಅಮ್ಮ. ಗಾಳಿ ಬರ್ತೈತಿ." ಸಮವಸ್ತ್ರದವರಲ್ಲಿ ಒಬ್ಬ ತನ್ನ ಚೀಲವನ್ನು ಪಕ್ಕದ ಕುರ್ಚಿಯಿಂದ ತೆಗೆದು ದಾರಿ ಬಿಟ್ಟ.

ಯಂಕಮ್ಮ ಕಿಟಕಿಯ ಪಕ್ಕ ಕೂತಳು. ಕೂತವಳು ಹೊರಗೆ ನೋಡಿದಳು. ಕಿಟಕಿ ಹಿತ್ತಲಿಗೆ ತೆರೆದಿತ್ತು. ನೇರ ಎದುರಿಗೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಭಾಂಡೆ ತೊಳೆಯುವ ಬಂಡೆ. ಈಗ ಅಲ್ಲೊಂದು ನಲ್ಲಿ ಹಾಕಿಸಿದ್ದರು. ಬಂಡೆ ಅದೇ.

"ಇಲ್ಲಿಂದ ಎಲ್ಲಾ ಕಾಣ್ತೈತಿ," ಎಂದಳು.

ಅವಳು ಕಿಟಕಿಯ ಸರಳು ಹಿಡಿದಳು.

"ಯಾರೂ ನೋಡಂಗಿಲ್ಲ ಅಂತ ನಾ ಹಾಡಕೋಂತ ತೊಳೀತಿದ್ದೆ. ಇಲ್ಲಿ ಕುಂತೋರಿಗೆ ಕಾಣ್ತಿದ್ದೆ ನಾನು. ಉಣ್ಣಾಕ ಕುಂತಾಗೆಲ್ಲಾ ಕಾಣ್ತಿದ್ದೆ."

ಅಂಬಪ್ಪ ಕಪ್ಪು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಆ ಹಸರಂಚಿನವು ಎಲ್ಲಾ ಕೊಟ್ಟುಬಿಡ್ತೀನಿ ನಾ. ಗುಜರಿಗೆ ಹಾಕಿಬಿಡ್ತೀನಿ."

"ಯಾಕ ಕೊಡ್ತೀರಿ? ಛಲೋ ಅದಾವ. ತೊಳಿಯೂದು ನೀವು, ಅಷ್ಟ," ಎಂದಳು ಯಂಕಮ್ಮ.

"ಈ ಕಡಿ ಕುಂದರ್ರಿ ಅತ್ತಿ," ಎಂದು ಪಂಪಾವತಿ ತನ್ನ ಜಾಗ ಬಿಟ್ಟು ಎದ್ದಳು. "ಅಲ್ಲಿ ಬ್ಯಾಡ."

"ಬ್ಯಾಡ ತಗಿ. ಇಲ್ಲೇ ಕುಂದರ್ತೀನಿ."

ತಾಟುಗಳು ಬಂದವು. ಬಿಸಿ ರೊಟ್ಟಿ, ಎಣ್ಣೆಗಾಯಿ, ಮೊಸರು, ಹಸಿ ಉಳ್ಳಾಗಡ್ಡಿ. ಯಂಕಮ್ಮ ರೊಟ್ಟಿ ಮುರಿದು ಎಣ್ಣೆಗಾಯಿ ಅದ್ದಿಕೊಂಡು ನಿಧಾನವಾಗಿ ಉಂಡಳು. ಖಾರ ಸರಿಯಾಗಿದೆ ಎಂದಳು, ರೊಟ್ಟಿಗೆ ಹಿಟ್ಟು ಇನ್ನಷ್ಟು ನಾದಬೇಕಿತ್ತು ಎಂದಳು. ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು.

ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಒಬ್ಬ ಹೆಂಗಸು ತಾಟುಗಳ ದೊಡ್ಡ ಬುಟ್ಟಿ ಹೊತ್ತು ಬಂದು ಬಂಡೆಯ ಮೇಲೆ ಇಳಿಸಿದಳು. ನಲ್ಲಿ ಬಿಟ್ಟಳು. ಯಂಕಮ್ಮ ರೊಟ್ಟಿ ಹಿಡಿದ ಕೈಯನ್ನು ತಾಟಿನ ಮೇಲೆಯೇ ನಿಲ್ಲಿಸಿ ಸ್ವಲ್ಪ ಹೊತ್ತು ಅವಳನ್ನು ನೋಡಿದಳು. ಆಮೇಲೆ ಕಿಟಕಿಯ ಸರಳಿನ ಹತ್ತಿರ ಮುಖ ಒಯ್ದು ಕರೆದಳು.

"ಏ ತಂಗೀ."

ಹೆಂಗಸು ತಲೆಯೆತ್ತಿ ಅತ್ತಿತ್ತ ನೋಡಿದಳು. ಕಿಟಕಿಯಿಂದ ತನ್ನನ್ನು ಯಾರಾದರೂ ಕರೆದಾರೆಂದು ಅವಳು ಎಣಿಸಿರಲಿಲ್ಲ.

"ನಿನ್ನನ್ನ. ಊಟ ಆತೇನು?"

"ಇನ್ನಾ ಇಲ್ರಿ ಅಮ್ಮ. ಇವಷ್ಟು ತಿಕ್ಕಿ ಉಣ್ತೀನಿ. ನೀವು ಉಣ್ರಿ."

"ಮೊದಲು ಉಂಡು ಬಾ," ಎಂದಳು ಯಂಕಮ್ಮ. "ಅವು ಎಲ್ಲಿಗೂ ಓಡಿ ಹೋಗಂಗಿಲ್ಲ."